ಸಾಲಿನಲ್ಲಿ ಉಳಿದ ಜೋಡಿ

ಇದನ್ನು ಬರೆಯಲು ನನಗೇ ನಾಚಿಕೆ. ದೆವ್ವ ಮೆಟ್ಟಿಕೊಂಡಿದೆ ಎಂದು ಬರುವವರನ್ನು ಕೂರಿಸಿ, ಇದು ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ ಎಂದು ತಿಳಿಹೇಳುವುದೇ ನನ್ನ ಕೆಲಸ. ಇಂಥ ಕಥೆ ಹೇಳುವವರನ್ನು ಕಂಡು ನಗುತ್ತಿದ್ದವಳು ನಾನು. ಈಗ ನೀವು ನಕ್ಕರೆ ತಪ್ಪೇನಿಲ್ಲ.

ನಾಲ್ಕೈದು ವರ್ಷದ ಹಿಂದಿನ ಮಾತು. ಕುಡಿತ ಬಿಡಬೇಕೆನ್ನುವವರೂ ಮನಸ್ಸು ಕುಗ್ಗಿದವರೂ ಎರಡೆರಡು ಬಸ್ಸು ಬದಲಿಸಿ ನಗರದ ನಮ್ಮ ಆಸ್ಪತ್ರೆಗೆ ಬರಬೇಕಿತ್ತು. ಅರ್ಧ ಜನ ಬರುತ್ತಲೇ ಇರಲಿಲ್ಲ. ಅಂದು ಮೊದಲ ಸಲ ನಮ್ಮ ವ್ಯಾನು ಡಾಕ್ಟರನ್ನು ಕೂರಿಸಿಕೊಂಡು ಹಳ್ಳಿಗೇ ಹೊರಟಿತ್ತು. ರಾಮಮೂರ್ತಿ ನಗರದ ಮನೆಯಿಂದ ತಿಂಡಿಯನ್ನೂ ತಿನ್ನದೆ ಓಡಿ ಟಿನ್ ಫ್ಯಾಕ್ಟರಿಯಲ್ಲಿ ವ್ಯಾನು ಹತ್ತಿದೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕೆ.ಆರ್. ಪುರ ದಾಟಿ ಒಂದು ಗಂಟೆ. ಹೋಗಿ ನೋಡಿದರೆ ಶಾಲೆಯ ಮುಂದೆ ನರಪಿಳ್ಳೆಯಿಲ್ಲ, ಚಪ್ಪಲಿಗಳು ಮಾತ್ರ ಸಾಲಾಗಿದ್ದವು! ಊರಿನ ಆಶಾ ಕಾರ್ಯಕರ್ತೆ ಮಂಜುಳಾ ನಕ್ಕಳು. "ರೇಷನ್ ಅಂಗಡಿ ಮುಂದೆ ಸರದಿಗೆ ಚಪ್ಪಲಿ ಇಡ್ತಾರಲ್ಲ ಮೇಡಂ, ಹಂಗೇ. ತಲೆ ಡಾಕ್ಟ್ರ ಮುಂದೆ ನಿಂತಿದ್ದು ಯಾರಾದ್ರೂ ನೋಡಿದ್ರೆ ಮಗಳಿಗೆ ಗಂಡು ಸಿಗಲ್ಲ ಅಂತ ಭಯ."

ಚಪ್ಪಲಿಯವರೆಲ್ಲ ತಮಗೇನೂ ಗೊತ್ತಿಲ್ಲವೆಂಬಂತೆ ಹಾಲಿನ ಡೈರಿ ಕಟ್ಟೆಯ ಮೇಲೆ ಬರಿಗಾಲಿನಲ್ಲಿ ಕೂತಿದ್ದರು. ಸರದಿ ಬಂದಾಗ ಒಬ್ಬೊಬ್ಬರೇ ಮೆಲ್ಲಗೆ ಎದ್ದು ಬರುತ್ತಿದ್ದರು. ಮೊದಲನೆಯವನು ಕುಡಿದೇ ಬಂದಿದ್ದ. "ಬಿಡೋಣ ಅಂತಾನೇ ಬಂದೆ ಕಣಕ್ಕ, ಧೈರ್ಯಕ್ಕೆ ಒಂಚೂರು ಹಾಕ್ಕೊಂಡೆ." ನನಗೆ ಅವನ ಮೇಲೂ ಪ್ರೀತಿ ಉಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಕಟ್ಟೆ ಖಾಲಿಯಾಯಿತು. ಚಪ್ಪಲಿ ಸಾಲಿನಲ್ಲಿ ಒಂದು ಜೋಡಿ ಮಾತ್ರ ಉಳಿಯಿತು: ಉಂಗುಷ್ಟ ಕಿತ್ತು ಪಿನ್ನು ಚುಚ್ಚಿದ ಹೆಂಗಸಿನ ಚಪ್ಪಲಿ. ಮಂಜುಳಾ ನೋಡಿದವಳೇ ಬೆಚ್ಚಿದಳು. "ಇದು ಜಯಮ್ಮಂದು ಮೇಡಂ. ಮಗು ಹೋದಾಗಿಂದ ಅವಳು ಹೊಸಿಲು ದಾಟಿಲ್ಲ. ಊಟನೂ ಬಿಟ್ಟವ್ಳೆ."

ವ್ಯಾನು ಮತ್ತೆ ಬರುವುದು ಒಂದು ತಿಂಗಳ ಮೇಲೆ. ಡಾಕ್ಟರು ಬ್ಯಾಗು ಹಿಡಿದು ಎದ್ದೇಬಿಟ್ಟರು, ನಾನು ಚಪ್ಪಲಿ ಹಿಡಿದು ಓಡಿದೆ. ಜಯಮ್ಮನ ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಬಹಳ ಹೊತ್ತು ತಟ್ಟಿದ ಮೇಲೆ ಗೋಡೆ ಹಿಡಿದುಕೊಂಡು ಬಂದು ತೆರೆದಳು. ನಿಲ್ಲಲೂ ತ್ರಾಣವಿರಲಿಲ್ಲ. ಗಂಡ ಲಾರಿ ತೆಗೆದುಕೊಂಡು ಹೋಗಿ ಎರಡು ದಿನವಾಗಿತ್ತು. ಅವನು ಹೋದಾಗ ಹಾಕಿದ ಚಿಲಕವನ್ನು ಅವಳು ತೆಗೆದದ್ದು ನಾವು ತಟ್ಟಿದ ಮೇಲೆಯೇ. ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿ, "ಮಂಚದ ಕೆಳಗಿತ್ತಲ್ಲ" ಎಂದಳು, ಅಷ್ಟೆ.

ಅದೇ ವ್ಯಾನಿನಲ್ಲಿ ಅವಳನ್ನು ಆಸ್ಪತ್ರೆಗೆ ತಂದೆವು. ಇನ್ನೆರಡು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಚಪ್ಪಲಿ ತಂದಿಟ್ಟವರು ಯಾರೆಂದು ಆಮೇಲೆ ನಾನು ಕೇಳದವರಿಲ್ಲ. ತಾನಲ್ಲವೆಂದು ಮಂಜುಳಾ ಮಕ್ಕಳ ಮೇಲೆ ಆಣೆಯಿಟ್ಟಳು. ಜಯಮ್ಮನೇ ಮೈಮರೆತು ಇಟ್ಟುಹೋದಳೆನ್ನೋಣವೆಂದರೆ, ಕಟ್ಟೆಯ ಮೇಲಿದ್ದ ಅಷ್ಟೂ ಕಣ್ಣುಗಳನ್ನು ತಪ್ಪಿಸಿಯೇ?

ಈಗ ಅವಳು ಪ್ರತಿ ತಿಂಗಳು ತಾನೇ ನಡೆದು ಬರುತ್ತಾಳೆ. ಮೈಕೈ ತುಂಬಿಕೊಂಡಿದ್ದಾಳೆ, ನಗುತ್ತಾಳೆ. ಹೋದ ಸಲ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಬಹಳ ದಿನದಿಂದ ಕೇಳ್ಬೇಕು ಅಂತಿದ್ದೆ ಮೇಡಂ. ಅವತ್ತು ಮನೆಯೊಳಕ್ಕೆ ಬಂದು ನನ್ನ ಚಪ್ಪಲಿ ತಗೊಂಡು ಹೋದವ್ರು ನೀವೇ ಅಲ್ವಾ?"

ಹೌದು ಎಂದು ಸುಳ್ಳೇ ಹೇಳಿಬಿಟ್ಟೆ.