ಅಟೆಂಡರ್ ಅಂಟಿಸಿದ ಪಾಠಗಳು

ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವರು, ನಿವೃತ್ತರಾದ ಮೇಲೆ ಜಗತ್ತಿಗೆ ವಿದ್ಯೆ ಹಂಚಲು ಹೊರಟರು. ಹೆಂಡತಿ ಅವರಿಗೆ 'ಕುಲಪತಿಗಳು' ಎಂದು ಹೆಸರಿಟ್ಟಳು. ಕುಹಕವೆಂದು ಗೊತ್ತಿದ್ದೂ ಅವರು ಓಗೊಡುತ್ತಿದ್ದರು.

ಕೆಲಸ ಇಷ್ಟೇ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಪಾಠಗಳನ್ನು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದವು. ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಶ್ವಕೋಶವೊಂದಿತ್ತು. ಉಷ್ಣದ ಪುಟದ ಬುಡಕ್ಕೆ ಉಷ್ಣದ ಪಾಠದ ಲಿಂಕು, ಲವಣದ ಪುಟದ ಬುಡಕ್ಕೆ ಲವಣದ್ದು ಅಂಟಿಸುವುದು. ಹಾಕುವ ಮೊದಲು ಒಂದೊಂದು ಪಾಠವನ್ನೂ ಕೈಕಟ್ಟಿ ಕೂತು ಕೊನೆಯವರೆಗೆ ನೋಡುತ್ತಿದ್ದರು.

"ರೀ, ಏನಾದ್ರೂ ತಲೆಗೆ ಹೋಗುತ್ತಾ?"

"ಬಾಟ್ಲಿಗೆ ಚೀಟಿ ಅಂಟಿಸೋನು ಆಸಿಡ್ ಕುಡಿದು ನೋಡ್ತಾನೇನೇ?"

ಚೀಟಿಯ ಅಭ್ಯಾಸವೇ ಮುಳುವಾಯಿತು. ಲ್ಯಾಬಿನಲ್ಲಿ ಯಾವ ಬಾಟಲಿಯ ಚೀಟಿಯೂ ಇನ್ನೊಂದಕ್ಕಿಂತ ಬೇರೆಯಾಗಿರಬಾರದೆಂಬುದು ಅವರ ಶಿಸ್ತು. ಇಲ್ಲೂ ಹಾಗೆಯೇ, ಪ್ರತಿ ಲಿಂಕಿನ ಕೆಳಗೆ ಒಂದೇ ಸಾಲು: 'ಶುದ್ಧವಾದದ್ದು. ಉಚಿತ. ಎಲ್ಲರೂ ತಪ್ಪದೆ ನೋಡಿ.' ನಾಲ್ಕು ವರ್ಷ, ಸಾವಿರದ ನೂರ ನಲವತ್ತು ಪುಟ.

ಆ ಪುಟಗಳನ್ನು ಕಾಯುವ ಸ್ವಯಂಸೇವಕನೊಬ್ಬನ ಕಣ್ಣಿಗೆ ಒಂದು ಮಂಗಳವಾರ ಇದು ಬಿತ್ತು. ಸಾವಿರ ಕಡೆ ಒಂದೇ ಹೊಗಳಿಕೆ ಕಂಡರೆ ಯಾರಾದರೂ ಏನೆಂದುಕೊಂಡಾರು? ಜಾಹೀರಾತು ಎಂದು ಬಗೆದು, ಕಾಫಿ ಆರುವಷ್ಟರಲ್ಲಿ ಎಲ್ಲವನ್ನೂ ಅಳಿಸಿ, ಇವರ ಖಾತೆಗೂ ಬೀಗ ಜಡಿದ. ಜೊತೆಗೊಂದು ಪ್ರಶ್ನೆ: ನೀವು ಯಾವ ಸಂಸ್ಥೆಯ ಪರ? ಉತ್ತರ ಸರಿಯಿದ್ದರೆ ಲಿಂಕುಗಳನ್ನು ಮರಳಿ ಹಾಕಲಾಗುವುದು.

ಹೆಂಡತಿಯ ತಮ್ಮ, ಇವರಿಗೆ ಕಂಪ್ಯೂಟರ್ ಕಲಿಸಿದ್ದವನು, ಓಡಿ ಬಂದ. "ಭಾವ, 'ಯಾರ ಪರವೂ ಅಲ್ಲ, ಗೊತ್ತಿಲ್ದೆ ಮಾಡ್ದೆ' ಅಂತ ಒಂದೇ ಸಾಲು ಬರೀರಿ. ಮುಗೀತು."

"ಗೊತ್ತಿಲ್ದೆ ಮಾಡೋಕೆ ನಾನೇನು ದಾರೀಲಿ ಹೋಗೋನಾ? ನಾನು ಯಾರು ಅಂತ ಅವರಿಗೆ ಗೊತ್ತಾಗ್ಬೇಕು."

"ಅಯ್ಯೋ, ಅದೇ ಗೊತ್ತಾಗ್ಬಾರ್ದು ಭಾವ!"

ಕುಲಪತಿಗಳು ಕೇಳಲಿಲ್ಲ. ಮೂರು ಪುಟ ಬರೆದರು. ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಸುದೀರ್ಘ ಸೇವೆ, ಇಂದಿಗೂ ಬರುವ ಪಿಂಚಣಿ, ಮೂವರು ಪ್ರಿನ್ಸಿಪಾಲರ ಮೆಚ್ಚುಗೆ, ಒಂದನ್ನೂ ಬಿಡಲಿಲ್ಲ. 'ಅಟೆಂಡರ್' ಎಂಬ ಮಾತನ್ನು ಮಾತ್ರ ಬಿಟ್ಟರು.

ಮರುದಿನವೇ ಉತ್ತರ ಬಂತು. ಶಿಕ್ಷಣ ಸಂಸ್ಥೆಯೊಂದರಿಂದ ಹಣ ಪಡೆಯುವುದನ್ನು ತಾವೇ ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ನಿಷೇಧ ಶಾಶ್ವತ. ಲಿಂಕುಗಳು ಮರಳುವುದಿಲ್ಲ. ಪುಟಗಳನ್ನು ಓದಲು ಮಾತ್ರ ಯಾವ ಅಡ್ಡಿಯೂ ಇಲ್ಲ.

ಭಾವಮೈದುನ ಚಪ್ಪಲಿ ಮೆಟ್ಟಿಕೊಂಡು ಹೊರಟ. ಹೆಂಡತಿ ಬಾಗಿಲಿಗೊರಗಿ ನಿಂತಳು. ಈ ಸಲ ಅವಳು ಕುಲಪತಿಗಳೇ ಎನ್ನಲಿಲ್ಲ.

"ಏನಂತೆ?"

"ಓದಬಹುದಂತೆ."

"ಸರಿ, ಓದಿ ಮತ್ತೆ."

ಉಷ್ಣದ ಪುಟ ತೆರೆದರು. ನಾಲ್ಕು ವರ್ಷದಲ್ಲಿ ಬುಡವನ್ನು ಬಿಟ್ಟು ಮೇಲೇನಿದೆ ಎಂದು ನೋಡಿರಲಿಲ್ಲ. ಮೊದಲ ಸಾಲನ್ನು ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು, ತುಟಿಯಾಡಿಸುತ್ತಾ, ಅದೇ ಸಾಲನ್ನು ಮೂರನೆಯ ಸಲ ಹಿಡಿದರು.