ಸಮುದ್ರದ ಹದ

ಫೆಬ್ರುವರಿ ೧೧, ಸಂಜೆ ಆರೂ ಕಾಲು. ಬ್ಯಾಡಗಿಯಿಂದ ಖಾಲಾ ಕಳಿಸಿದ ಪೊಟ್ಟಣ ಬಿಚ್ಚಿದೆ. ಒಣಮೀನಿನ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ನಾನು ಮಾತ್ರ ಇನ್ನೊಮ್ಮೆ ಮೂಸಿದೆ. ಬೆರಳುದ್ದದ ತಾರ್ಲಿ ಮೀನು, ಎರಡು ವರ್ಷದ ಮೇಲೆ!

ಖಾಲಾ ಎಂದರೆ ನನ್ನ ತಾಯಿಯ ಅಕ್ಕ. ಅಂಕೋಲೆಯ ಮಾದೇವಿ ಅವಳ ಗೆಳತಿ. ನಾನು ಹುಟ್ಟುವ ಮೊದಲಿನಿಂದಲೂ ಮೆಣಸಿನಕಾಯಿ ಸುಗ್ಗಿ ಮುಗಿದ ಮೇಲೆ ಇಬ್ಬರೂ ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಕೂಡುತ್ತಿದ್ದರು. ಇವಳ ಮೆಣಸಿನಕಾಯಿ ಅವಳಿಗೆ, ಅವಳ ಮೀನು ಇವಳಿಗೆ. ತಕ್ಕಡಿ ಇಲ್ಲ, ಮಾತೇ ತೂಕ. ರಾಣೆಬೆನ್ನೂರಿನಿಂದ ನಾನೂ ಹೋಗುತ್ತಿದ್ದೆ. ಎಲ್ಲವನ್ನೂ ಬರೆದಿಡುವ ಚಟ ನನ್ನದು. ನಮ್ಮ ಚೀಲದ ಘಾಟಿಗೆ ಬಸ್ಸಿನಲ್ಲಿ ಎಷ್ಟು ಜನ ಸೀನಿದರು ಎಂಬುದೂ ದಿನಚರಿಯಲ್ಲಿದೆ, ನಗಬೇಡಿ.

ಹೋದ ವರ್ಷ ಮಾದೇವಿ ಬರಿ ಬುಟ್ಟಿಯೊಂದಿಗೆ ಇಳಿದಳು.

ಖಾಲಾಳ ಮುಖ ಬಿಗಿಯಿತು. "ದಾರ್ಯಾಗ ಶಿರಸಿಯವ್ರಿಗೆ ಮಾರ್ಕೊಂಡು ಬಂದೀಯೇನ?"

"ಇಲ್ಲ ಅಕ್ಕಾ. ಈ ಸಲ ಸಮುದ್ರ ಬೆಚ್ಚಗಿತ್ತು. ತಾರ್ಲಿ ತತ್ತಿ ಇಡೋಕೆ ನಮ್ಮ ದಂಡೆ ಬಿಟ್ಟು ಹೋಯ್ತು."

"ಸಮುದ್ರ ಬೆಚ್ಚಗ! ಅಷ್ಟು ನೀರು ಕಾಸಾಕ ಎಷ್ಟು ಕಟಗಿ ಬೇಕವಾ?"

ಸುತ್ತಲಿನವರು ನಕ್ಕರು. ಮಾದೇವಿ ನಗಲಿಲ್ಲ. ಖಾಲಾ ಚೀಲದ ಬಾಯಿ ಬಿಗಿದು ತನ್ನ ಕಡೆಗೆ ಎಳೆದುಕೊಂಡಳು. ಇಷ್ಟು ವರ್ಷದ ಗೆಳೆತನ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಸುಮ್ಮನಿರಲಾಗದೆ ಕೇಳಿದೆ: "ಬೆಚ್ಚಗಾದ್ರ ಮೀನಿಗೆ ಏನಾಗ್ತೈತಿ, ಮಾದೇವಕ್ಕಾ?"

"ಮಳೆಗಾಲದಾಗೆ ಅಡಿಯಿಂದ ತಂಪು ನೀರು ಮೇಲೆ ಬರ್ಬೇಕು. ಬಂದ್ರೆ ನೀರು ಹಸಿರಾಗ್ತದೆ, ಮರಿಗೆ ತಿನ್ನೋಕೆ ಸಿಕ್ತದೆ. ತಾಯಿ ಮೀನು ಅಂಥಾ ಕಡೆ ನೋಡಿ ತತ್ತಿ ಇಡ್ತದೆ ಅಂತಾರೆ ನಮ್ಮವ್ರು. ಈ ಸಲ ಆ ತಂಪು ಬರ್ಲೇ ಇಲ್ಲ."

ಖಾಲಾ ಚೀಲದ ಮೇಲೆ ಕೈಯಿಟ್ಟಳು. ಹೊಲದಲ್ಲಿ ಮಣ್ಣು ಹಿಡಿಯಷ್ಟು ಎತ್ತಿ, ಹಿಚುಕಿ ನೋಡಿ, ಆಮೇಲೆ ಸಸಿ ಹಚ್ಚುವ ಕೈ ಅದು.

"ಹದ ಇರ್ಲಿಲ್ಲ ಅನ್ನು," ಎಂದಳು. "ಮದ್ಲ ಹಂಗ ಹೇಳಬಾರದೇನ? ಹದ ಇಲ್ಲದ ಹೊಲದಾಗ ನಾವಾದ್ರೂ ಎಲ್ಲಿ ಬಿತ್ತತೀವಿ?"

ಚೀಲವನ್ನು ಮಾದೇವಿಯ ಕಡೆ ನೂಕಿದಳು.

"ಮೀನಿಲ್ದೆ ಹ್ಯಾಂಗೆ ತಕ್ಕೊಳ್ಳಲಿ?"

"ಅದಕ್ಕ ಮರಿ ಆಗ್ಲಿ, ಆಮ್ಯಾಲ ನೋಡೂಣು. ಬಸ್ ಹೊಂಟೈತಿ, ಲಗೂ ಹತ್ತು!"

ಅಂದು ದಿನಚರಿಯಲ್ಲಿ 'ಮೀನು: ಸೊನ್ನೆ' ಎಂದು ಬರೆದು ಮಲಗಿದ್ದೆ. ಈ ಸಲ ಮಾದೇವಿ ಸುಗ್ಗಿ ಮುಗಿಯುವ ಮೊದಲೇ ಖಾಲಾಗೆ ಮೀನು ಮುಟ್ಟಿಸಿದ್ದಾಳೆ, ಅದರಲ್ಲಿ ನನ್ನ ಪಾಲು ಈ ಪೊಟ್ಟಣ. ಈಗ ಆ ಸಾಲಿನ ಪಕ್ಕದಲ್ಲಿ 'ಎಲ್ಲಿಗೆ ಹೋಗಿದ್ದವು?' ಎಂದು ಸೇರಿಸಿದ್ದೇನೆ. ಬಂದದ್ದನ್ನಷ್ಟೇ ಎಣಿಸುವವನಿಗೆ ಬಾರದಿದ್ದುದರ ಊರು ತಿಳಿಯುವುದಿಲ್ಲ.

ಕರಾವಳಿಯ ಓದುಗರೇ, ಆ ವರ್ಷ ತಾರ್ಲಿ ಯಾವ ದಂಡೆಗೆ ತತ್ತಿ ಇಡಲು ಹೋಗಿತ್ತು, ಅಲ್ಲಿಯ ನೀರು ಹೇಗಿತ್ತು ಎಂದು ಬಲ್ಲವರು ದಯವಿಟ್ಟು ನಾಲ್ಕು ಸಾಲು ಬರೆಯಿರಿ. ಖಾಲಾಗೆ ಓದಿ ಹೇಳಬೇಕಾಗಿದೆ. ಉತ್ತರ ಬಂದರೂ ಬಾರದಿದ್ದರೂ ಮೆಣಸಿನಕಾಯಿ ಚೀಲವಂತೂ ಹಾವೇರಿಗೆ ಹೋಗುತ್ತದೆ.