ಸಮುವೇಲನ ಪಾದ್ರಿ

ಟೆಕ್ಸಾಸಿನ ಫ್ಲವರ್ ಮೌಂಡ್‌ನ ನಮ್ಮ ಗ್ಯಾರೇಜಿನಲ್ಲಿ ಕನ್ನಡ ಸಂಘದ ಹಳೆಯ ಪೆಟ್ಟಿಗೆಯೊಂದಿದೆ. ಮೊನ್ನೆ ಅದನ್ನು ಬಿಚ್ಚಿದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ನಾಲ್ಕು ಹಾಳೆಗಳೂ ಹೊರಬಂದವು. ಅಕ್ಷರ ಸಮುವೇಲನದು. ಅವುಗಳ ಮೇಲೆ ಎಳೆದ ಕೆಂಪು ಗೆರೆ ನನ್ನದು.

ನೀವೂ ಸಂಘ ನಡೆಸಿದವರಾದರೆ ನಿಮಗೆ ಗೊತ್ತಿರುತ್ತದೆ. ರಾಜ್ಯೋತ್ಸವದ ಭಾಷಣಗಳನ್ನು ನಾವು ಮೊದಲೇ ತರಿಸಿಕೊಂಡು ಓದುತ್ತೇವೆ. ಆ ಕೆಲಸ ನನ್ನದಾಗಿತ್ತು. ಮೈಸೂರಿನವನು ನಾನು, ಯಾರ ಮನಸ್ಸೂ ನೋಯಬಾರದೆಂದು ವಿಪರೀತ ಕಾಳಜಿ. ಅದನ್ನು ಹೆದರಿಕೆ ಎಂದರೂ ತಪ್ಪಿಲ್ಲ.

ಸಮುವೇಲ ಗದಗಿನವನು. ಆಸ್ಟಿನ್‌ನಲ್ಲಿ ಇತಿಹಾಸದ ಪಿಎಚ್‌ಡಿ ಮಾಡುತ್ತಿದ್ದ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಒಬ್ಬ ಪಾದ್ರಿಯ ಬಗ್ಗೆ. ಅಚ್ಚಾದ ಪ್ರಾರ್ಥನೆಯನ್ನಷ್ಟೇ ಓದಬೇಕೆಂಬ ಅಪ್ಪಣೆಗೆ ಆ ಪಾದ್ರಿ ಒಪ್ಪಲಿಲ್ಲ. ಚರ್ಚು ಹೋಯಿತು, ಮನೆ ಹೋಯಿತು. ತನ್ನ ಊರಿನ ಐದು ಮೈಲಿಯೊಳಗೆ ಕಾಲಿಡಬಾರದೆಂಬ ಕಾನೂನೂ ಬಂತು. ಆತ ಐದು ಮೈಲಿಯಾಚೆ ಒಂದು ದನದ ಕೊಟ್ಟಿಗೆ ಹುಡುಕಿ ಬೋಧಿಸತೊಡಗಿದ. ಜನ ಅಷ್ಟು ದೂರ ನಡೆದು ಬಂದರು. ಅಧಿಕಾರಿಗಳು ಆತನನ್ನು ಜೈಲಿಗೆ ಹಾಕಿದರು. ಇನ್ನು ಬೋಧಿಸುವುದಿಲ್ಲ ಎಂದೊಂದು ಮಾತು ಹೇಳು, ಬಿಡುತ್ತೇವೆ ಎಂದರು. ಆತ ಹೇಳಲಿಲ್ಲ. ಎಂಥ ಎದೆಗಾರಿಕೆ!

ಸಮುವೇಲ ಅದನ್ನೇ ಭಾಷಣವಾಗಿ ಬರೆದುಕೊಟ್ಟ. ನಾನು ಧರ್ಮದ ಮಾತನ್ನೆಲ್ಲ ಹೊಡೆದುಹಾಕಿ, "ಕಮಿಟಿಯವರು ಇಷ್ಟೇ ಓದೋಕೆ ಹೇಳಿದ್ದಾರಪ್ಪ" ಎಂದೆ. ಕಮಿಟಿಯವರು ಆ ಹಾಳೆಗಳನ್ನು ನೋಡಿಯೇ ಇರಲಿಲ್ಲ.

"ಬಾಯಿ ಮುಚ್ಕೊಳ್ಳಾಕ ಒಪ್ಪದವನ ಕತಿ ಐತ್ರಿ ಇದು. ಅದನ್ನ ನಾ ಅರ್ಧಾ ಬಾಯಿ ಮುಚ್ಚಿ ಹೆಂಗ್ ಹೇಳ್ಲಿರಿ, ಅಂಕಲ್?" ಎಂದು ನಕ್ಕ. ನಾನು ಪಟ್ಟಿಯಿಂದ ಅವನ ಹೆಸರು ತೆಗೆದೆ.

ಆದರೂ ರಾಜ್ಯೋತ್ಸವದ ದಿನ ಬಂದ. ಕುರ್ಚಿ ಜೋಡಿಸಿದ, ಬಿಸಿಬೇಳೆಬಾತ್ ಬಡಿಸಿದ. ಊಟವಾದ ಮೇಲೆ ನೋಡುತ್ತೇನೆ, ಪಾರ್ಕಿಂಗ್ ಲಾಟಿನ ಮರದಡಿ ಮಕ್ಕಳ ಗುಂಪು; ನಡುವೆ ಸಮುವೇಲ, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಪೂರ್ತಿ ಕತೆ ಹೇಳುತ್ತಿದ್ದಾನೆ. ಕನ್ನಡವೆಂದರೆ ಓಡುವ ಮಕ್ಕಳು ಕದಲಲಿಲ್ಲ. ನನ್ನ ಮಗಳೂ ಅಲ್ಲಿದ್ದಳು.

ಮನೆಗೆ ಬರುವಾಗ ಕಾರಿನಲ್ಲಿ ಅವಳು ಕೇಳಿದಳು: "ಅಪ್ಪಾ, ಸಮುವೇಲ್ ಯಾಕೆ ಸ್ಟೇಜ್ ಮೇಲೆ ಹೇಳ್ಲಿಲ್ಲ? ಹೂ ಸೆಡ್ ನೋ ಟು ಹಿಮ್?"

"ಕಮಿಟಿ, ಪುಟ್ಟಿ" ಎಂದೆ. ಅದೇ ಸುಳ್ಳು, ಎರಡನೆಯ ಸಲ. ಈ ಬಾರಿ ಮಗಳಿಗೆ. ನಾಚಿಕೆಯಾಯಿತು, ಆದರೆ ತಿದ್ದಿಕೊಳ್ಳಲಿಲ್ಲ.

ಈಗ ಅವಳು ಹೂಸ್ಟನ್‌ನಲ್ಲಿ ಓದುತ್ತಿದ್ದಾಳೆ. ಮೊನ್ನೆಯೇ ಫೋನ್ ಮಾಡಿ ನಿಜ ಹೇಳಿದೆ. "ಟೆಲ್ ಹಿಮ್, ಅಪ್ಪಾ" ಎಂದಳು.

ಸಮುವೇಲ ಈಗ ಆಸ್ಟಿನ್‌ನಲ್ಲೇ ಮೇಷ್ಟ್ರು. ಅವನಿಗೂ ಫೋನ್ ಮಾಡಿದೆ. "ಹೇಳ್ರಿ ಅಂಕಲ್!" ಎಂದ. ಹೇಳಬೇಕಾದ್ದನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ.

"ಸಮುವೇಲ, ಆವತ್ತು ನಿನ್ನ ಮಾತು ಹೊಡೆದುಹಾಕಿದ್ದು ಕಮಿಟಿ ಅಲ್ಲ ಕಣಪ್ಪಾ. ನಾನೊಬ್ಬನೇ."